ಪ್ರಭಾವತಿ ಟೀಚರ್ ಅವರ ಎರಡನೇ ಸಂದರ್ಶನ

2006ರಲ್ಲಿ ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಕಂಟೆಂಟ್ ಹೆಡ್ ಆಗಿದ್ದೆ. ಕೆಳಗಡೆ ಲೇತ್ ಮಷೀನುಗಳ ವರ್ಕ್‌ಶಾಪ್, ಮೇಲಿನ ಮಹಡಿಯಲ್ಲಿ ನಾವು. ರಾಜ್ಯ ಪಠ್ಯಕ್ರಮದ ಗಣಿತ, ವಿಜ್ಞಾನದ ಪಾಠಗಳನ್ನು ಚಲಿಸುವ ಚಿತ್ರಗಳನ್ನಾಗಿ ಮಾಡಿ, ಸಿಡಿಗೆ ಹಾಕಿ ಶಾಲೆಗಳಿಗೆ ಮಾರುವುದು ನಮ್ಮ ಕೆಲಸ. ಎಜುಕೇಷನ್ ಟೆಕ್ನಾಲಜಿ ಎಂಬ ದೊಡ್ಡ ಹೆಸರು ಆಗ ನಮ್ಮ ವಿಸಿಟಿಂಗ್ ಕಾರ್ಡಿನ ಮೇಲೆ ಮಾತ್ರ ಇತ್ತು. ಬೀದಿಯವರಿಗೆ ನಾವು ‘ಸಿಡಿ ಮಾಡೋರು’. ಕಟ್ಟಡದ ಮಾಲೀಕರು ಬಾಡಿಗೆಗೆ ಕೊಡುವ ಮುಂಚೆ ಎಂಥ ಸಿಡಿ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರಂತೆ.

ಅಲ್ಲಿಗೆ ಬರುವ ಮೊದಲು ನಾನು ವಿಜಯನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಹಾಗಾಗಿ ಶಿಕ್ಷಕರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಸಂದರ್ಶನದ ಹೊಣೆ ನನ್ನ ತಲೆಗೆ ಬಂತು. ಅವರ ಹುದ್ದೆಗೆ ನಮ್ಮಲ್ಲಿ ಎಸ್‌ಎಂಇ ಎನ್ನುತ್ತಿದ್ದರು, ಅಂದರೆ ಸಬ್ಜೆಕ್ಟ್ ಮ್ಯಾಟರ್ ಎಕ್ಸ್‌ಪರ್ಟ್. ಪಾಠದಲ್ಲಿ ಯಾವ ಚಿತ್ರ ಆದಮೇಲೆ ಯಾವ ಚಿತ್ರ, ಯಾವ ಮಾತು ಬರಬೇಕು ಎಂದು ಅವರು ಬರೆದುಕೊಡಬೇಕು. ಆ ಬರಹಕ್ಕೆ ಸ್ಟೋರಿಬೋರ್ಡ್ ಎಂದು ಹೆಸರು. ಅದನ್ನು ನೋಡಿಕೊಂಡು ಆನಿಮೇಟರ್ ಹುಡುಗರು ಚಿತ್ರಗಳನ್ನು ಕುಣಿಸುತ್ತಿದ್ದರು.

ಸಂದರ್ಶನಕ್ಕೆ ಬರುವ ಶಿಕ್ಷಕರನ್ನು ನೋಡುವುದೇ ನನಗೊಂದು ಸಂತೋಷವಾಗಿತ್ತು. ಟೀ ತರುವವರು ಒಳಗೆ ಬಂದರೂ ಎದ್ದು ನಿಲ್ಲುತ್ತಿದ್ದರು. ಉತ್ತರ ಹೇಳಿ ಮುಗಿಸಿ ‘ಅರ್ಥವಾಯಿತಾ?’ ಎಂದು ನಮ್ಮನ್ನೇ ಕೇಳುತ್ತಿದ್ದರು. ಒಬ್ಬರಂತೂ ಹೊರಡುವಾಗ ಅಭ್ಯಾಸಬಲದಿಂದ ನಮ್ಮ ಬಿಳಿ ಬೋರ್ಡನ್ನು ಪೂರ್ತಿ ಒರೆಸಿಟ್ಟು ಹೋದರು. ಅದರ ಮೇಲಿದ್ದದ್ದು ಆ ತಿಂಗಳ ನಮ್ಮ ಕೆಲಸದ ಇಡೀ ಯೋಜನೆ. ಅದನ್ನು ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ಅದೇ ಗುಂಪಿನವಳಾದ್ದರಿಂದ ನಗುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಆ ವರ್ಷದ ದಸರಾ ರಜೆ ಮುಗಿದ ಮೇಲೆ ಪ್ರಭಾವತಿ ಟೀಚರ್ ಬಂದರು. ಮನೆ ಬ್ಯಾಡರಹಳ್ಳಿ, ಪಾಠ ಹೇಳುತ್ತಿದ್ದದ್ದು ಸುಂಕದಕಟ್ಟೆಯ ಒಂದು ಖಾಸಗಿ ಶಾಲೆಯ ಕನ್ನಡ ಮಾಧ್ಯಮದಲ್ಲಿ. ನಲವತ್ತು ದಾಟಿತ್ತು. ಗರಿಗರಿಯಾದ ಕಾಟನ್ ಸೀರೆ, ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು, ಹಣೆಯಲ್ಲಿ ಬೆವರು. ಎದುರಿಗೆ ನಾನು ಮತ್ತು ಕಂಪನಿಯ ಮಾಲೀಕ ರಘು. ರಘು ವಯಸ್ಸಿನಲ್ಲಿ ನನ್ನ ಕಿರಿಯ ತಮ್ಮನಿಗಿಂತ ಚಿಕ್ಕವನು. ಎದುರಿಗೆ ‘ರಘು ಸಾರ್’ ಎನ್ನುತ್ತಿದ್ದೆ, ಇಲ್ಲಿ ಪ್ರೀತಿಯಿಂದ ಏಕವಚನದಲ್ಲೇ ಬರೆಯುತ್ತೇನೆ.

ಕೂತ ಕೂಡಲೇ ಟೀಚರ್ ಇಂಗ್ಲಿಷಿನಲ್ಲಿ ಶುರು ಮಾಡಿದರು. ‘ಐ ಆ್ಯಮ್ ಎ ಟೀಮ್ ಪ್ಲೇಯರ್. ಐ ಆ್ಯಮ್ ರಿಸಲ್ಟ್ ಓರಿಯೆಂಟೆಡ್.’ ಕಾಲ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದ ತಂಗಿಯ ಮಗಳು ಇದನ್ನೆಲ್ಲ ಬಾಯಿಪಾಠ ಮಾಡಿಸಿ ಕಳಿಸಿದ್ದಳೆಂದು ಆಮೇಲೆ ಗೊತ್ತಾಯಿತು. ರಘು ನಿಮ್ಮ ದೌರ್ಬಲ್ಯ ಏನು ಎಂದು ಕೇಳಿದ. ಟೀಚರ್ ತಯಾರಿಯಲ್ಲಿ ಮೊದಲು ಸಾಮರ್ಥ್ಯದ ಪ್ರಶ್ನೆ ಬರಬೇಕಿತ್ತು. ಅವರು ಸಾಮರ್ಥ್ಯದ ಉತ್ತರವನ್ನೇ ಪೂರ್ತಿ ಒಪ್ಪಿಸಿಬಿಟ್ಟರು. ಕಷ್ಟಪಟ್ಟು ದುಡಿಯುವುದು, ಸಮಯಕ್ಕೆ ಸರಿಯಾಗಿ ಬರುವುದು, ಎಲ್ಲರೊಂದಿಗೂ ಹೊಂದಿಕೊಳ್ಳುವುದು ತಮ್ಮ ದೌರ್ಬಲ್ಯಗಳೆಂದು ನಾವು ತಿಳಿಯಬೇಕಾಯಿತು. ರಘು ನಗು ತಡೆಯಲು ನೀರು ಕುಡಿದ.

ನಾನು ಕನ್ನಡದಲ್ಲಿ, “ಅದೆಲ್ಲ ಇರಲಿ ಮೇಡಂ, ಈ ಕೆಲಸ ನಿಮಗೆ ಯಾಕೆ ಬೇಕು?” ಎಂದು ಕೇಳಿದೆ.

ಅವರು ಫೈಲನ್ನು ಮಡಿಲಲ್ಲಿ ಇಟ್ಟುಕೊಂಡರು. “ಏಪ್ರಿಲ್‌ಗೆ ನಮ್ ಸ್ಕೂಲ್‌ನಲ್ಲಿ ಕನ್ನಡ ಮೀಡಿಯಂ ಮುಚ್ತಾ ಇದಾರೆ ಮೇಡಂ. ಇಂಗ್ಲಿಷ್ ಮೀಡಿಯಂಗೆ ನನ್ನ ಇಟ್ಕೊಳಲ್ಲ ಅಂದ್ಬಿಟ್ರು. ನಮ್ ಮನೆಯವರು ಆಟೋ ಓಡಿಸ್ತಿದ್ರು, ಅವರಿಗೆ ಬೆನ್ನಿನ ಆಪರೇಷನ್ ಆಗಿದೆ, ಇನ್ನು ಓಡಿಸಕ್ಕಾಗಲ್ಲ. ಬೇರೆ ಎರಡು ಸ್ಕೂಲಲ್ಲಿ ವಯಸ್ಸು ಕೇಳಿ ಕಳಿಸಿಬಿಟ್ರು. ನನಗೆ ಬರೋದು ಪಾಠ ಹೇಳೋದೊಂದೇ.”

ಅವರು ಹೋದಮೇಲೆ ರಘು, “ಪಾಪ ಅನ್ಸುತ್ತೆ ವಿಮಲಾ ಮೇಡಂ. ಆದ್ರೆ ಪಾಪ ಅಂತ ಕೆಲಸ ಕೊಡಕ್ಕಾಗಲ್ಲ ಅಲ್ವಾ?” ಎಂದ. ಅವನ ಮಾತು ತಪ್ಪಾಗಿರಲಿಲ್ಲ. ಆದರೆ ಬಾಯಿಪಾಠದ ಇಂಗ್ಲಿಷಿನಿಂದ ಆಕೆಯನ್ನು ಅಳೆಯುವುದೂ ಸರಿಯಲ್ಲ ಎಂದು ನನಗನ್ನಿಸಿತು. ಮಕ್ಕಳ ಜೊತೆ ಅವರು ಹೇಗಿರುತ್ತಾರೆ ಎಂದು ನೋಡಿ ಆಮೇಲೆ ಬೇಡ ಎನ್ನೋಣ ಎಂದು ಹಟ ಹಿಡಿದೆ.

ಅದಕ್ಕೊಂದು ದಾರಿಯೂ ಇತ್ತು. ಸಿಡಿ ಅಚ್ಚಿಗೆ ಹೋಗುವ ಮೊದಲು ನಾವು ಯೂಸರ್ ಟೆಸ್ಟಿಂಗ್ ಮಾಡುತ್ತಿದ್ದೆವು. ಅಂದರೆ ಪಾಠವನ್ನು ನಿಜವಾದ ಮಕ್ಕಳಿಗೆ ತೋರಿಸಿ ಅವರು ಎಲ್ಲಿ ಮುಗ್ಗರಿಸುತ್ತಾರೆ ಎಂದು ನೋಡುವುದು. ಆಗ ಐದನೇ ತರಗತಿಯ ಭಿನ್ನರಾಶಿ ಪಾಠ ಸಿದ್ಧವಾಗಿತ್ತು. ಅದನ್ನು ಪ್ರಭಾವತಿ ಟೀಚರ್ ಶಾಲೆಯಲ್ಲೇ ಪರೀಕ್ಷೆಗೆ ಹಚ್ಚಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಹೆಡ್‌ಮಾಸ್ಟರ್ ಒಪ್ಪಿದರು. ಗುರುವಾರ ಟೀಚರ್ ಕೈಗೆ ಸಿಡಿ ಕೊಟ್ಟು ರಘು ಹೇಳಿದ್ದು ಇಷ್ಟೇ: “ಪಾಠ ಒಂದ್ಸಲ ನೋಡ್ಕೊಳಿ ಮೇಡಂ. ಶನಿವಾರ ನೀವು ಮಕ್ಕಳಿಗೆ ತೋರಿಸಿ, ನಾವು ಬಂದು ನೋಡ್ತೀವಿ.”

ಶನಿವಾರ ಬೆಳಿಗ್ಗೆ ಕಂಪನಿಯ ಮಾರುತಿ ವ್ಯಾನಿನಲ್ಲಿ ಪ್ರೊಜೆಕ್ಟರ್ ಹಾಕಿಕೊಂಡು ಮಾಗಡಿ ರಸ್ತೆ ಹಿಡಿದೆವು. ರಘು, ನಾನು, ಜೊತೆಗೆ ಆ ಪಾಠವನ್ನು ಆನಿಮೇಷನ್ ಮಾಡಿದ್ದ ಸಂದೀಪ. ಪಾಠದಲ್ಲಿ ಒಂದು ರೊಟ್ಟಿ ಇತ್ತು. ಅದನ್ನು ಅರ್ಧ ಮಾಡಿ, ಕಾಲು ಮಾಡಿ, ಕೊನೆಗೆ ಎಂಟು ತುಂಡು ಮಾಡುತ್ತಿದ್ದೆವು. ಎಂಟನೇ ಒಂದು ಎಂಬ ತುಂಡು ಬಂದಾಗ ಅದು ಗಿರ್ರನೆ ತಿರುಗುತ್ತಾ ಬಂದು ಪರದೆ ತುಂಬ ನಿಲ್ಲುತ್ತಿತ್ತು. ಇದು ಸಂದೀಪನ ಕೈಚಳಕ. ಆಫೀಸಿನಲ್ಲಿ ಅದನ್ನು ಕಾಫಿ ಕುಡಿಯಲು ಬಂದವರಿಗೂ ತೋರಿಸುತ್ತಿದ್ದ.

ಶಾಲೆಯ ಗೇಟಿನಲ್ಲೇ ರಂಗೋಲಿ. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ‘ಸುಸ್ವಾಗತ’. ಮಕ್ಕಳು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಸಾಲಾಗಿ ಕೂತಿದ್ದರು. ಒಬ್ಬ ಹುಡುಗಿ ಬಂದು ನಮ್ಮ ಮೂವರಿಗೂ ಒಂದೊಂದು ಗುಲಾಬಿ ಕೊಟ್ಟಳು. ರಘು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಶರಟಿನ ಜೇಬಿನಲ್ಲಿ ಸಿಕ್ಕಿಸಿಕೊಂಡ, ಥೇಟ್ ಮದುಮಗ. ಆ ಕೋಣೆಯಲ್ಲಿ ಪ್ರಭಾವತಿ ಟೀಚರ್ ಬೇರೆಯೇ ಹೆಂಗಸಾಗಿದ್ದರು. ಬೆವರಿಲ್ಲ, ಇಂಗ್ಲಿಷಿಲ್ಲ. ಕಣ್ಣಿನಲ್ಲೇ ಒಬ್ಬನನ್ನು ಕೂರಿಸುತ್ತಿದ್ದರು, ಇನ್ನೊಬ್ಬಳನ್ನು ಸುಮ್ಮನಿರಿಸುತ್ತಿದ್ದರು. ನೋಡುತ್ತಾ ನನಗೆ ನನ್ನ ಹಳೆಯ ಕ್ಲಾಸ್‌ರೂಮಿನ ಮೇಲೆ ಆಸೆಯಾಯಿತು.

ಪಾಠ ಓಡಿತು. ಆಮೇಲೆ ಟೀಚರ್ ಪ್ರಶ್ನೆ ಕೇಳಿದರು. ಕೇಳಿದ ಪ್ರಶ್ನೆಗೆಲ್ಲ ಇಡೀ ತರಗತಿಯೇ ಕೈ ಎತ್ತಿತು. “ಕಾಲು ದೊಡ್ಡದೋ, ಎಂಟನೇ ಒಂದು ದೊಡ್ಡದೋ?” ಎಬ್ಬಿಸಿದ ಹುಡುಗ, “ಕಾಲು ದೊಡ್ಡದು ಟೀಚರ್. ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದು!” ಎಂದು ಗಂಟೆ ಹೊಡೆದ ಹಾಗೆ ಹೇಳಿದ. ಸಂದೀಪನ ಮುಖ ಊರಗಲವಾಯಿತು. ರಘು ನನ್ನ ಕಡೆ ಬಾಗಿ, “ಸೂಪರ್ ಮೇಡಂ. ಇವರನ್ನ ತಗೊಳೋಣ. ಒಂದೂ ಡೌಟ್ ಇಲ್ಲ ಮಕ್ಕಳಿಗೆ” ಎಂದು ಪಿಸುಗುಟ್ಟಿದ.

ನಾನು ಮಾತ್ರ ಮಕ್ಕಳ ಕೈಗಳನ್ನು ನೋಡುತ್ತಿದ್ದೆ. ಎಲ್ಲ ಕೈಗಳೂ ಮೇಲಿದ್ದವು ನಿಜ. ಆದರೆ ಕೆಲವು ಬಲಗೈ, ಕೆಲವು ಎಡಗೈ. ಟೀಚರ್ ಎಬ್ಬಿಸುತ್ತಿದ್ದದ್ದು ಬಲಗೈ ಎತ್ತಿದವರನ್ನು ಮಾತ್ರ.

ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇನ್‌ಸ್ಪೆಕ್ಟರ್ ಸಾಹೇಬರು ತರಗತಿ ನೋಡಲು ಬರುವ ದಿನಕ್ಕೆ ಎಷ್ಟೋ ಶಾಲೆಗಳಲ್ಲಿ ಒಂದು ಒಳಒಪ್ಪಂದ ಇರುತ್ತಿತ್ತು. ಪ್ರಶ್ನೆ ಕೇಳಿದಾಗ ಯಾರೂ ಕೈ ಕೆಳಗಿಟ್ಟು ಕೂರಬಾರದು. ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಸಾಹೇಬರಿಗೆ ಕಾಡಿನಂತೆ ಎದ್ದ ಕೈಗಳು ಕಾಣುತ್ತವೆ, ಟೀಚರಿಗೆ ಯಾರನ್ನು ಎಬ್ಬಿಸಬೇಕೆಂದು ಕಾಣುತ್ತದೆ. ಶಾಲೆಯ ಮಾನ ಉಳಿಯುತ್ತದೆ, ಮಗುವಿನ ಮಾನವೂ ಉಳಿಯುತ್ತದೆ. ‘ಬಂದು ನೋಡ್ತೀವಿ’ ಎಂಬ ಮಾತು ಕೇಳಿದ ಟೀಚರ್, ಇದೂ ಅಂಥದ್ದೇ ಎಂದು ತಿಳಿದು, ಶಾಲೆಯ ಕಂಪ್ಯೂಟರಿನಲ್ಲಿ ಸಿಡಿ ತೋರಿಸಿ ಗುರುವಾರದಿಂದಲೇ ಮಕ್ಕಳನ್ನು ತಯಾರು ಮಾಡಿದ್ದರು. ಅವರ ಮಟ್ಟಿಗೆ ಅದು ಮೋಸವಲ್ಲ, ಮನೆಗೆ ಬಂದ ಅತಿಥಿಗಳಿಗೆ ಮಾಡುವ ಮರ್ಯಾದೆ.

ಸಂದೀಪ ರಘುವಿಗೆ ಏನೋ ತೋರಿಸುತ್ತಿದ್ದಾಗ ನಾನು ಟೀಚರನ್ನು ವರಾಂಡಕ್ಕೆ ಕರೆದುಕೊಂಡು ಹೋದೆ.

“ಎಡಗೈ ಮಕ್ಕಳ ಕಥೆ ಏನು ಟೀಚರ್?” ಎಂದೆ.

ಅವರ ಮುಖ ಬಿಳಿಚಿತು. ಆಮೇಲೆ ಮೆಲ್ಲಗೆ, “ನೀವೂ ಟೀಚರಾಗಿದ್ದೋರು, ಗೊತ್ತಾಗ್ಬಿಡ್ತು” ಎಂದರು. “ಹೆಚ್ಚಿನೋರು ತಪ್ಪೋದು ಒಂದೇ ಕಡೆ ಮೇಡಂ, ಆ ಎಂಟನೇ ತುಂಡು ಬಂದಾಗ. ಅಷ್ಟು ದೊಡ್ಡದಾಗಿ ತೋರಿಸ್ತೀರಲ್ಲಾ, ಮಕ್ಕಳು ಕಣ್ಣಾರೆ ನೋಡಿದ್ದನ್ನೇ ನಂಬ್ತಾರೆ. ಚಿಕ್ಕದು ಚಿಕ್ಕದು ಅಂತ ಬಡ್ಕೊಂಡೆ. ಬಾಯಲ್ಲಿ ಹೇಳ್ತಾರೆ, ಒಳಗೆ ಹೋಗಿಲ್ಲ.”

“ನಾವು ಇಷ್ಟು ದೂರ ಬಂದಿರೋದೇ ಅದನ್ನ ತಿಳ್ಕೊಳಕ್ಕೆ ಟೀಚರ್.”

“ಅದನ್ನಾ?” ಅವರು ನಿಜಕ್ಕೂ ಬೆರಗಾದರು. “ಮಕ್ಕಳಿಗೆ ಬರದೇ ಇರೋದನ್ನಾ? ನಿಮ್ ಪಾಠ ಅರ್ಥ ಆಗ್ಲಿಲ್ಲ ಅಂತ ನಿಮ್ ಸಾಹೇಬ್ರ ಎದುರಿಗೇ ತೋರಿಸಿದ್ರೆ ನನಗೆ ಕೆಲಸ ಯಾರು ಕೊಡ್ತಾರೆ ಅಂತ...”

 ಎಂಟನೇ ತುಂಡಿನ ವಿಷಯವನ್ನು ನಾನು ರಘುವಿಗೆ ಹೇಳಲೇಬೇಕಿತ್ತು, ಇಲ್ಲದಿದ್ದರೆ ತಪ್ಪು ಪಾಠ ಊರೆಲ್ಲ ಹೋಗುತ್ತದೆ. ಆದರೆ ಕೈಗಳ ಗುಟ್ಟನ್ನು ನಾನು ಬಾಯಿಬಿಟ್ಟರೆ ಆಕೆ ಸಿಕ್ಕಿಬಿದ್ದವರಾಗುತ್ತಾರೆ, ಅವರೇ ಹೇಳಿದರೆ ತಾವಾಗಿ ನಿಜ ಹೇಳಿದವರಾಗುತ್ತಾರೆ. ಅದನ್ನೇ ಅವರಿಗೆ ಹೇಳಿದೆ. ಕೆಲಸ ಆಗಲೇ ಕೈಗೆ ಬಂದ ಹಾಗಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

“ಹೇಳಿದ್ರೆ ಹೋಗ್ಬಿಡುತ್ತಾ ಮೇಡಂ?”

“ಗೊತ್ತಿಲ್ಲ ಟೀಚರ್. ರಘು ಸಾರ್‌ಗೆ ತನ್ನನ್ನ ಯಾಮಾರಿಸಿದ್ರೆ ಆಗಲ್ಲ. ಹೋದ್ರೂ ಹೋಗಬಹುದು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕಾಂಪೌಂಡಿನ ಆಚೆ ಹೋಗುತ್ತಿದ್ದ ಬಸ್ಸನ್ನು ನೋಡುತ್ತಾ ನಿಂತರು. ನನಗೆ ಆ ಕ್ಷಣ ಅವರ ಮೇಲೆ ತುಂಬಾ ಮಮತೆ ಬಂತು. ನಾನೇ ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಲು ಹೋಗಿ ನಿಲ್ಲಿಸಿದೆ. ಅವರು ಒಳಗೆ ನಡೆದರು, ನಾನು ಹಿಂದೆ ಹೋದೆ.

“ಮಕ್ಕಳೇ, ಇವತ್ತು ಇನ್‌ಸ್ಪೆಕ್ಷನ್ ಅಲ್ಲ” ಎಂದರು ಟೀಚರ್. ತರಗತಿಯಲ್ಲಿ ಗುಸುಗುಸು ಎದ್ದಿತು. “ನನಗೇ ಗೊತ್ತಾಗದೆ ತಪ್ಪು ತಿಳ್ಕೊಂಡಿದ್ದೆ. ಈ ಸಾರ್ ಬಂದಿರೋದು ಯಾರಿಗೆ ಅರ್ಥ ಆಗಿಲ್ಲ ಅಂತ ಕೇಳಕ್ಕೆ. ಆಗದೇ ಇದ್ರೆ ಬೈಯಲ್ಲ. ರೇಣುಕಾ, ಎದ್ದೇಳು ಪುಟ್ಟಾ.”

ರೇಣುಕಾ ಕಿಟಕಿ ಪಕ್ಕದಲ್ಲಿದ್ದ ಸಣ್ಣ ಹುಡುಗಿ. ಅಪ್ಪ ಅಮ್ಮ ರಾಯಚೂರು ಕಡೆಯಿಂದ ಬಂದು ಶ್ರೀಗಂಧದ ಕಾವಲಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಎದ್ದು ನಿಂತು ಜಡೆಯ ತುದಿ ಹಿಡಿದುಕೊಂಡಳು.

“ಕಾಲು ದೊಡ್ಡದೋ, ಎಂಟನೇ ಒಂದು ದೊಡ್ಡದೋ?”

“ಕಾಲು ದೊಡ್ಡದ್ರೀ ಟೀಚರ್.”

“ನೀನು ಎಡಗೈ ಎತ್ತಿದ್ದೆ. ಯಾಕೆ?”

ಹುಡುಗಿ ಟೀಚರ ಮುಖ ನೋಡಿದಳು, ಆಮೇಲೆ ಪರದೆಯ ಮೇಲೆ ನಿಂತೇ ಇದ್ದ ಆ ತುಂಡನ್ನು ನೋಡಿದಳು. “ನೋಡಾಕ ಇದಾ ದೊಡ್ಡದೈತ್ರೀ. ಪರದೆ ತುಂಬ ಐತಿ. ನೀವು ಸಣ್ಣದು ಅಂದ್ರಿ, ಅದಕ್ಕ ನಾನೂ ಸಣ್ಣದು ಅಂದೆ.”

ಸಂದೀಪ ನೆಲ ನೋಡಿದ. ಆ ಮಾತು ಅವನಿಗೆ ತಾಕಿದ್ದಕ್ಕಿಂತ ಹೆಚ್ಚಾಗಿ ಟೀಚರಿಗೆ ತಾಕಿತು ಎಂದು ನನಗೆ ಕಂಡಿತು. ಅವರು ಹೋಗಿ ರೇಣುಕಾಳ ತಲೆ ಸವರಿ ಕೂರಿಸಿದರು. ಆಮೇಲೆ ರಘುವಿನ ಕಡೆ ತಿರುಗಿ, ಬಲಗೈ ಎಡಗೈಯ ವಿಷಯವನ್ನೂ, ಎರಡು ದಿನದ ತಯಾರಿಯನ್ನೂ, ನಾನು ಅದನ್ನು ಗಮನಿಸಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಯಾವ ಮಗು ಯಾವ ಚಿತ್ರದ ಹತ್ತಿರ ನಿಂತುಬಿಟ್ಟಿತು ಎಂದು ಒಂದೊಂದೇ ಹೆಸರು ಹಿಡಿದು ತಿಳಿಸಿದರು. ನಾವು ಎರಡು ಮೂರು ಸಲ ಬಂದರೂ ಕಂಡುಹಿಡಿಯಲಾಗದಂಥ ಸಂಗತಿ ಅದು. ರಘು ಎಲ್ಲವನ್ನೂ ಕೇಳಿ, ಥ್ಯಾಂಕ್ಸ್ ಹೇಳಿ, ಗುಲಾಬಿಯನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ. ಅವನ ಮುಖ ಗಂಟಿಕ್ಕಿತ್ತು.

 ವ್ಯಾನಿನಲ್ಲಿ ರಘು, “ನೀವು ನೋಡದೇ ಇದ್ದಿದ್ರೆ ಆ ಪಾಠ ಹಾಗೇ ಪ್ರಿಂಟ್‌ಗೆ ಹೋಗ್ತಿತ್ತು ಮೇಡಂ. ಅವರನ್ನ ನಾನು ಹೇಗೆ ನಂಬಲಿ?” ಎಂದ. ನಾನು ಹೇಳುವುದನ್ನೆಲ್ಲ ಹೇಳಿದೆ. ಅವರನ್ನು ಈವರೆಗೆ ಯಾರೂ ಕೇಳದ ಪ್ರಶ್ನೆಯನ್ನು ನಾವು ಕೇಳಲು ಹೊರಟಿದ್ದೆವು, ಆದರೆ ಅದನ್ನು ಬಿಡಿಸಿ ಹೇಳಿರಲಿಲ್ಲ ಎಂದೆ.  ಹಿಂದಿನ ಸೀಟಿನಿಂದ ಸಂದೀಪ, “ಸಾರ್, ಆ ಜೂಮ್ ತೆಗೆದ್ಬಿಡ್ತೀನಿ. ಆ ಹುಡುಗಿ ಹೇಳಿದ್ದು ಕರೆಕ್ಟು” ಎಂದ. ತನ್ನ ಕೈಚಳಕವನ್ನು ತಾನೇ ಕತ್ತರಿಸಲು ಹೊರಟ ಅವನಿಗೆ ನಾನು ಮರುದಿನ ಮನೆಯಿಂದ ಕೋಡುಬಳೆ ಕಳಿಸಿದೆ.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಟೀಚರನ್ನು ಆಫೀಸಿಗೆ ಕರೆಸಿದೆವು. ಈ ಸಲ ಫೈಲ್ ತಂದಿರಲಿಲ್ಲ. ಬೇಡ ಎನ್ನುವುದನ್ನು ಕೇಳಿಸಿಕೊಳ್ಳಲು ಫೈಲ್ ಯಾಕೆ ಎಂದುಕೊಂಡಿದ್ದರಂತೆ. ರಘು ಸುತ್ತಿ ಬಳಸಿ ಮಾತಾಡುವವನಲ್ಲ. “ಟೆಸ್ಟಿಂಗ್‌ನಲ್ಲಿ ಮಕ್ಕಳಿಗೆ ಬರದೇ ಇರೋದನ್ನೇ ನೀವು ನಮ್ಮಿಂದ ಮುಚ್ಚಿಟ್ರಿ. ನಾಳೆ ಇಲ್ಲೂ ಹಾಗೇ ಮಾಡಲ್ಲ ಅಂತ ನಾನು ಹೇಗೆ ತಿಳ್ಕೊಳ್ಲಿ?”

 ಕೆಳಗೆ ಲೇತ್ ಮಷೀನುಗಳ ಸದ್ದು ಕೇಳುತ್ತಿತ್ತು. ಟೀಚರ್ ಈಗ ಕೊಟ್ಟ ಉತ್ತರವನ್ನು ತಂಗಿಯ ಮಗಳು ಬರೆದುಕೊಟ್ಟಿರಲಿಲ್ಲ.

“ಸಾರ್, ನನ್ ಸರ್ವಿಸ್‌ನಲ್ಲಿ ತುಂಬಾ ಜನ ಬಂದು ನೋಡಿದ್ದಾರೆ. ಎಲ್ಲಾರೂ ಬಂದಿದ್ದು ನನ್ನ ಮಕ್ಕಳಿಗೆ ಏನು ಬರುತ್ತೆ ಅಂತ ನೋಡಕ್ಕೆ. ಏನು ಬರಲ್ಲ ಅಂತ ಇದುವರೆಗೂ ಯಾರೂ ಕೇಳಿರ್ಲಿಲ್ಲ. ಅದು ನನಗೆ ದಿನಾ ಗೊತ್ತಿರುತ್ತೆ ಸಾರ್, ಮನೆಗೆ ಹೋದ್ರೂ ತಲೇಲಿ ಅದೇ ಇರುತ್ತೆ. ಆದ್ರೆ ಹೇಳ್ಕೊಳಕ್ಕೆ ಜಾಗ ಇರ್ಲಿಲ್ಲ. ಕೇಳಿದ್ದು ನೀವೇ ಮೊದಲು. ಕೇಳೋರು ಇದ್ರೆ ನಾನ್ಯಾಕೆ ಮುಚ್ಚಿಡ್ಲಿ?”

ರಘು ಪೆನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೂತ.  ಅದುವರೆಗೂ ಅವರನ್ನು ಮೇಡಂ ಎನ್ನುತ್ತಿದ್ದವನು, “ಯಾವಾಗ ಸೇರ್ತೀರಾ ಟೀಚರ್?” ಎಂದ.

ಅಂಥ ಹೊತ್ತಿನಲ್ಲಿ ಬೇರೆ ಯಾರಾದರೂ ನಾಳೆಯೇ ಎನ್ನುತ್ತಿದ್ದರು. ಇವರು, “ಪರೀಕ್ಷೆ ಮುಗಿಯೋವರೆಗೂ ಬಿಡಕ್ಕಾಗಲ್ಲ ಸಾರ್. ಅಲ್ಲೀವರೆಗೂ ಶನಿವಾರ ಮಧ್ಯಾಹ್ನ ಬರ್ತೀನಿ, ಆಗುತ್ತಾ?” ಎಂದರು. ಆಗುತ್ತೆ ಎಂದ ರಘು. ಟೀಚರ್ ಮೆಟ್ಟಿಲಿಳಿದು ಹೋಗುವವರೆಗೂ ಗಟ್ಟಿಯಾಗಿದ್ದರು. ಬೀದಿಯ ತಿರುವಿನಲ್ಲಿ ನಿಂತು ಅಳುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕೆಳಗಿಳಿದು ಹೋಗಿ ಜೊತೆಗೆ ನಿಂತೆ. ಇಬ್ಬರೂ ಅತ್ತೆವು, ಆಮೇಲೆ ದರ್ಶಿನಿಗೆ ಹೋಗಿ ಕಾಫಿ ಕುಡಿದೆವು.

ಏಪ್ರಿಲ್‌ನಲ್ಲಿ ಸೇರಿದ ಅವರು ನಾನು ನಿವೃತ್ತಳಾಗುವವರೆಗೂ ನನ್ನ ಪಕ್ಕದ ಮೇಜಿನಲ್ಲೇ ಇದ್ದರು. ಇಂಗ್ಲಿಷ್ ಕೊನೆಗೂ ಅಷ್ಟಕ್ಕಷ್ಟೇ. ಮೀಟಿಂಗಿನಲ್ಲಿ ಯಾರಾದರೂ ಹಿಂದೆ ಕೂತು ಮಾತಾಡಿದರೆ ಮಾತು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು, ರಘುವಾದರೂ ಸರಿ.

ಈಗ ಬಸವೇಶ್ವರನಗರದ ನನ್ನ ಮನೆಗೆ ಆಗಾಗ ಶಿಕ್ಷಕರು ಬರುತ್ತಾರೆ. ಶಾಲೆ ಬಿಟ್ಟು ಇಂಥ ಕಂಪನಿಗಳಿಗೆ ಹೋಗಬೇಕೆಂದಿರುವವರು. ಏನು ಉಡಬೇಕು, ಕಂಪ್ಯೂಟರ್ ಎಷ್ಟು ಬರಬೇಕು, ಇಂಗ್ಲಿಷಿನಲ್ಲಿ ಹೇಗೆ ಶುರು ಮಾಡಬೇಕು ಎಂದು ಕೇಳುತ್ತಾರೆ. ನನಗೆ ತಿಳಿದದ್ದನ್ನು ಹೇಳುತ್ತೇನೆ, ಅದೆಲ್ಲ ಒಂದು ವಾರದಲ್ಲಿ ಕಲಿಯುವ ಮಾತು. ಎದ್ದು ಹೊರಡುವಾಗ ಒಂದೇ ಒಂದು ಪ್ರಶ್ನೆ ಕೇಳಿ ಕಳಿಸುತ್ತೇನೆ: ನೀವು ಎಷ್ಟು ಹೇಳಿಕೊಟ್ಟರೂ ಅರ್ಥವಾಗದೆ ಉಳಿದ ಒಂದು ಮಗುವಿನ ಹೆಸರು ಹೇಳಿ. ಕೆಲವರು ನಮ್ಮ ಶಾಲೆಯ ಫಲಿತಾಂಶ ಚೆನ್ನಾಗಿದೆ ಎನ್ನುತ್ತಾರೆ. ಅವರಿಗೆ ಇನ್ನೊಂದು ಸಲ ಬನ್ನಿ ಎನ್ನುತ್ತೇನೆ. ಇನ್ನು ಕೆಲವರು ಯೋಚಿಸುವುದೇ ಇಲ್ಲ, ಹೆಸರು ಬಾಯಿಗೆ ಬಂದುಬಿಡುತ್ತದೆ, ಹೇಳುವಾಗ ದನಿ ಸ್ವಲ್ಪ ಇಳಿಯುತ್ತದೆ. ಅವರಿಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ: ಹೆದರಬೇಡಿ, ಒಳಗೆ ಹೋಗಿ ಕೂತು ಆ ಮಗುವಿನ ಬಗ್ಗೆ ಮಾತಾಡಿ.